ಹೊಣೆಗಾರರಿಲ್ಲದ ಹಳೆಯ ಗಾಡಿ

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ಅವನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ; ಗೊರಸನ್ನು ನೋಡುತ್ತಾನೆ; ಹೆಗಲನ್ನು ತಡವಿ ನೋಡುತ್ತಾನೆ; ನಾಲ್ಕು ಮಾರು ನಡೆಸಿ ನೋಡುತ್ತಾನೆ. ಅನಂತರವೇ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಎತ್ತಿಗೆ ಯಾರೂ ಹೊಣೆಪತ್ರ ಬರೆದುಕೊಡುವುದಿಲ್ಲವೆಂಬುದು ಅವನಿಗೆ ಗೊತ್ತು. ತನ್ನ ಕಣ್ಣು, ಕೈ, ಅನುಭವ ಇವುಗಳೇ ಅವನ ಹೊಣೆಗಾರರು.

ನಮ್ಮ ನಗರಗಳಲ್ಲಿ ಈಗ ಬೇರೊಂದು ಬಗೆಯ ಜಾತ್ರೆ ನಡೆಯುತ್ತಿದೆ. ಎತ್ತರವಾದ ಮೈಕಟ್ಟಿನ, ಚರ್ಮದ ಆಸನಗಳ, ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಐಷಾರಾಮಿ ಎಸ್‌ಯುವಿ ಗಾಡಿಗಳು, ಎಂಟು ಹತ್ತು ವರ್ಷ ಓಡಿದ ಮೇಲೆ, ಮೊದಲ ಬೆಲೆಯ ಕಾಲು ಭಾಗಕ್ಕೆ ಮಾರಾಟಕ್ಕೆ ಬರುತ್ತವೆ. ತಯಾರಕರ ವಾರಂಟಿ, ಅಂದರೆ ಕೆಟ್ಟರೆ ನಾವೇ ಸರಿಪಡಿಸಿಕೊಡುತ್ತೇವೆಂಬ ಕರಾರು, ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಹೊಸದಾದ ಸಣ್ಣ ಕಾರಿನ ಬೆಲೆಗೆ ಇಂಥ ಗಾಡಿ ಸಿಕ್ಕುವುದೆಂದು ಕೇಳಿದಾಗ ಮಧ್ಯಮವರ್ಗದ ಎಷ್ಟೋ ಮನೆಗಳಲ್ಲಿ ಆಸೆ ಚಿಗುರುತ್ತದೆ. ಆ ಆಸೆಯ ಬೆನ್ನು ಹತ್ತಿ, ಮಕ್ಕಳ ಓದಿಗೆಂದು ಕೂಡಿಟ್ಟ ಹಣವನ್ನು ಮೊದಲು ಗಾಡಿಗೂ ಆಮೇಲೆ ಅದರ ಗೇರುಪೆಟ್ಟಿಗೆಗೂ ತೆತ್ತವರುಂಟು. ಹಾಗೆಯೇ ವಿಚಾರಮಾಡಿ ಕೊಂಡು ಸುಖವಾಗಿ ಓಡಿಸುತ್ತಿರುವವರೂ ಉಂಟು. ಇವರಿಬ್ಬರ ನಡುವಣ ವ್ಯತ್ಯಾಸ ಕೇವಲ ಅದೃಷ್ಟದ್ದಲ್ಲ. ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ನಾವು ಕಲಿಯುವ ಭೌತವಿಜ್ಞಾನ, ಗಣಿತ, ಅರ್ಥಶಾಸ್ತ್ರಗಳು ಇಲ್ಲಿ ಹೇಗೆ ಕೆಲಸಕ್ಕೆ ಬರುತ್ತವೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಬೆಲೆ ಇಳಿದರೂ ಯಂತ್ರ ಇಳಿಯದು

೮೦ ಲಕ್ಷ ರೂಪಾಯಿಯ ಒಂದು ಗಾಡಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅದರ ಬೆಲೆ ವರ್ಷಕ್ಕೆ ನೂರಕ್ಕೆ ೧೫ರಂತೆ ಇಳಿಯುವುದೆಂದು ಭಾವಿಸಿದರೆ, ಪ್ರತಿವರ್ಷದ ಬೆಲೆ ಹಿಂದಿನ ವರ್ಷದ ಬೆಲೆಯ ೦.೮೫ ಪಾಲಾಗುತ್ತದೆ. ೦.೮೫ನ್ನು ಎಂಟು ಸಲ ಗುಣಿಸಿದರೆ ಸುಮಾರು ೦.೨೭ ಬರುತ್ತದೆ. ಎಂಟು ವರ್ಷದ ಕೊನೆಯಲ್ಲಿ ಗಾಡಿಯ ಬೆಲೆ ಸುಮಾರು ೨೨ ಲಕ್ಷ ರೂಪಾಯಿ.

ಆದರೆ ಒಂದು ಸಂಗತಿಯನ್ನು ಇಲ್ಲಿ ಮರೆಯಬಾರದು. ಇಳಿದದ್ದು ಗಾಡಿಯ ಬೆಲೆ ಮಾತ್ರ. ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ. ೮೦ ಲಕ್ಷದ ಗಾಡಿಗಾಗಿ ಮಾಡಿದ ಪಂಪು, ಕವಾಟ, ಗೇರುಪೆಟ್ಟಿಗೆಗಳು ೨೨ ಲಕ್ಷಕ್ಕೆ ಕೊಂಡವನಿಗೂ ಅದೇ ಬೆಲೆಗೆ ದೊರೆಯುತ್ತವೆ. ಆನೆಯನ್ನು ಅಗ್ಗವಾಗಿ ಕೊಂಡರೂ ಅದು ತಿನ್ನುವ ಮೇವು ಅಗ್ಗವಾಗುವುದಿಲ್ಲ.

ಈ ಗಾಡಿಗಳು ಮೊದಲಿನಿಂದಲೂ ಇಷ್ಟು ತೊಡಕಾಗಿದ್ದುವೆಂದು ತಿಳಿಯಬಾರದು. ೧೯೭೦ರಲ್ಲಿ ಇಂಗ್ಲೆಂಡಿನಲ್ಲಿ ರೇಂಜ್ ರೋವರ್ ಎಂಬ ಗಾಡಿ ಹೊರಬಂದಿತು. ಅದಕ್ಕೆ ೩.೫ ಲೀಟರಿನ, ಎಂಟು ಸಿಲಿಂಡರುಗಳ ಅಲ್ಯೂಮಿನಿಯಮ್ ಎಂಜಿನು. ನಾಲ್ಕು ಚಕ್ರಗಳಿಗೂ ಸದಾ ಶಕ್ತಿ. ನಾಲ್ಕಕ್ಕೂ ಉಕ್ಕಿನ ಸುರುಳಿ ಸ್ಪ್ರಿಂಗು ಮತ್ತು ಡಿಸ್ಕ್ ಬ್ರೇಕು. ಹೊಲದಲ್ಲಿ ಓಡಾಡಿ ಬಂದಮೇಲೆ ಒಳಗಿನ ನೆಲವನ್ನು ನೀರು ಹಾಯಿಸಿ ತೊಳೆಯಬಹುದಾಗಿತ್ತು. ೧೯೯೨ರಲ್ಲಿ ಅದೇ ಗಾಡಿಯ ಉದ್ದನೆಯ ಮಾದರಿಗೆ ಉಕ್ಕಿನ ಸುರುಳಿಯ ಬದಲು ಗಾಳಿಯ ಸ್ಪ್ರಿಂಗು ಬಂದಿತು. ೧೯೯೭ರಲ್ಲಿ ಮರ್ಸಿಡಿಸ್, ೧೯೯೯ರಲ್ಲಿ ಬಿ.ಎಂ.ಡಬ್ಲ್ಯು., ೨೦೦೨ರಲ್ಲಿ ಪೋರ್ಷೆ ಸಂಸ್ಥೆಗಳ ಎಸ್‌ಯುವಿಗಳು ಬಂದುವು. ಪೈಪೋಟಿ ಬೆಳೆದಂತೆಲ್ಲ ಸುಖವೂ ಬೆಳೆಯಿತು, ಸುಖದೊಡನೆ ಯಂತ್ರದ ತೊಡಕೂ ಬೆಳೆಯಿತು.

ಗಾಳಿಯ ಸ್ಪ್ರಿಂಗು

ಗಾಳಿಯ ಸ್ಪ್ರಿಂಗೆಂದರೆ ನೂಲಿನ ಎಳೆಗಳಿಂದ ಬಲಪಡಿಸಿದ ರಬ್ಬರಿನ ಚೀಲ. ಅದರೊಳಗೆ ಒತ್ತಿ ತುಂಬಿದ ಗಾಳಿ ಗಾಡಿಯನ್ನು ಹೊರುತ್ತದೆ. ೨೪೦೦ ಕಿಲೋಗ್ರಾಂ ತೂಕದ ಗಾಡಿಯಲ್ಲಿ ಒಂದೊಂದು ಚಕ್ರದ ಪಾಲಿಗೆ ಸುಮಾರು ೬೦೦ ಕಿಲೋಗ್ರಾಂ ಭಾರ. ಚೀಲದ ಹೊರುವ ಮೇಲ್ಮೈ ೧೦೦ ಚದರ ಸೆಂಟಿಮೀಟರ್ ಎಂದುಕೊಂಡರೆ, ಒಳಗಿನ ಗಾಳಿ ಹೊರಗಿನ ವಾಯುಮಂಡಲಕ್ಕಿಂತ ಚದರ ಸೆಂಟಿಮೀಟರಿಗೆ ೬ ಕಿಲೋಗ್ರಾಮಿನಷ್ಟು ಹೆಚ್ಚಾಗಿ ಒತ್ತಬೇಕು. ಇದು ವಾಯುಮಂಡಲದ ಒತ್ತಡದ ಸುಮಾರು ಆರರಷ್ಟು.

ಗಾಡಿಯ ಎತ್ತರವನ್ನು ಅಳೆಯುವ ಸಾಧನಗಳೂ, ಗಾಳಿಯನ್ನು ಬಿಟ್ಟು ಹಿಡಿಯುವ ಕವಾಟಗಳೂ, ಗಾಳಿ ಒತ್ತುವ ವಿದ್ಯುತ್ ಪಂಪೂ ಇದರೊಡನೆ ಕೆಲಸ ಮಾಡುತ್ತವೆ. ರಬ್ಬರು ವರ್ಷಗಳುರುಳಿದಂತೆ ಗಾಳಿಯ ಆಮ್ಲಜನಕದಿಂದಲೂ ಬಿಸಿಲಿನ ತಾಪದಿಂದಲೂ ಬಿರುಸಾಗುತ್ತದೆ. ಮಡಿಕೆ ಬಿದ್ದಲ್ಲಿಯೇ ಮತ್ತೆ ಮತ್ತೆ ಮಡಿಸಿ ಸಣ್ಣ ಬಿರುಕುಗಳಾಗುತ್ತವೆ. ಗಾಳಿ ಮೆಲ್ಲಗೆ ಸೋರುತ್ತದೆ. ಸೋರಿದಷ್ಟನ್ನು ತುಂಬಲು ಪಂಪು ಹೆಚ್ಚು ಹೊತ್ತು ಓಡುತ್ತದೆ, ಕಾಯುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಮೊದಲೇ ಚೀಲವೊಂದನ್ನು ಬದಲಾಯಿಸಿದ್ದರೆ ಮುಗಿಯುತ್ತಿದ್ದ ಕೆಲಸ, ತಡಮಾಡಿದ್ದರಿಂದ ಪಂಪಿನ ಖರ್ಚನ್ನೂ ತರುತ್ತದೆ. ತೊಡಕಾದ ಯಂತ್ರದ ಗುಣವೇ ಇದು: ಒಂದು ಭಾಗದ ದೋಷ ಇನ್ನೊಂದು ಭಾಗವನ್ನು ಎಳೆದುಕೊಂಡು ಬೀಳುತ್ತದೆ.

ಈ ಸೋರಿಕೆಯನ್ನು ಕಂಡುಹಿಡಿಯಲು ಒಂದು ಅಳತೆಪಟ್ಟಿ ಸಾಕು. ಗಾಡಿಯನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ, ಒಂದು ಗಂಟೆ ಬಿಟ್ಟು, ಚಕ್ರದ ನಡುವಿನಿಂದ ಅದರ ಮೇಲಿನ ಕಮಾನಿನ ಅಂಚಿನವರೆಗಿನ ಎತ್ತರವನ್ನು ನಾಲ್ಕು ಮೂಲೆಗಳಲ್ಲಿಯೂ ಬರೆದುಕೊಳ್ಳಬೇಕು. ಮರುದಿನ ಬೆಳಗ್ಗೆ, ಎಂಜಿನು ಚಾಲೂ ಮಾಡುವ ಮೊದಲೇ, ಮತ್ತೆ ಅಳೆಯಬೇಕು. ನಾಲ್ಕೂ ಕಡೆ ಒಂದೇ ಸಮನಾಗಿ ತುಸು ಇಳಿದಿದ್ದರೆ ಗಾಬರಿಯಾಗಬೇಕಾಗಿಲ್ಲ. ರಾತ್ರಿ ೩೦ ಡಿಗ್ರಿಯಿಂದ ೨೦ ಡಿಗ್ರಿಗೆ ತಣಿದ ಗಾಳಿ, ನಾವು ಕಲಿತಿರುವ ಚಾರ್ಲ್ಸನ ನಿಯಮದಂತೆ, ಸುಮಾರು ನೂರಕ್ಕೆ ೩ರಷ್ಟು ಕುಗ್ಗುತ್ತದೆ. ಒಂದೇ ಮೂಲೆ ಬೆರಳಿನಷ್ಟು ಕುಸಿದಿದ್ದರೆ ಅದು ತಣಿವಲ್ಲ, ಸೋರಿಕೆ.

ಟರ್ಬೊ ಮತ್ತು ಟೈರು

ಎಂಜಿನಿಗೆ ಹೆಚ್ಚು ಗಾಳಿ ಊದುವ ಟರ್ಬೊ ಯಂತ್ರ ಹೊಗೆಯ ರಭಸದಿಂದಲೇ ತಿರುಗುತ್ತದೆ. ಅದರ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲುದು. ಐದು ಸೆಂಟಿಮೀಟರ್ ವ್ಯಾಸದ ಚಕ್ರ ಈ ವೇಗದಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ ೯೪೦ ಕಿಲೋಮೀಟರಿನಷ್ಟು ವೇಗದಲ್ಲಿ ಸಾಗುತ್ತದೆ! ಇಂಥ ವೇಗದಲ್ಲಿ ಅದರ ಅಚ್ಚನ್ನು ಸಾಮಾನ್ಯವಾಗಿ ಹೊತ್ತಿರುವುದು ಎಣ್ಣೆಯ ಒಂದು ತೆಳುವಾದ ಪದರ. ಎಣ್ಣೆ ಹಳೆಯದಾಗಿ ಕರಿಕಟ್ಟಿದರೆ ಆ ಪದರ ಹರಿಯುತ್ತದೆ, ಲೋಹ ಲೋಹವನ್ನು ಮುಟ್ಟುತ್ತದೆ, ಟರ್ಬೊ ಮುಗಿಯಿತು. ಆದುದರಿಂದ ಎಣ್ಣೆಯನ್ನು ಯಾವಾಗ ಬದಲಾಯಿಸಲಾಯಿತೆಂಬ ರಸೀತಿಗಳ ಕಟ್ಟು ಗಾಡಿಯ ಹೊಳಪಿಗಿಂತ ಬೆಲೆಯುಳ್ಳದ್ದು.

ಟೈರುಗಳೂ ಮಾತನಾಡುತ್ತವೆ. ನಾಲ್ಕು ಚಕ್ರಗಳಿಗೂ ಸದಾ ಶಕ್ತಿಯಿರುವ ಗಾಡಿಗೆ ಎರಡು ಹೊಸ ಟೈರು, ಎರಡು ಹಳೆಯ ಟೈರು ಹಾಕಿದ್ದಾರೆನ್ನೋಣ. ಹೊಸದರ ವ್ಯಾಸ ೭೬೦ ಮಿಲಿಮೀಟರ್. ೫ ಮಿಲಿಮೀಟರ್ ಸವೆದ ಹಳೆಯದರದು ೭೫೦. ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ಹೊಸ ಟೈರು ಸುಮಾರು ೪೧೯ ಸುತ್ತು ಸುತ್ತಿದರೆ ಹಳೆಯದು ೪೨೪ ಸುತ್ತು ಸುತ್ತಬೇಕು. ಕಿಲೋಮೀಟರಿಗೆ ಐದು ಸುತ್ತಿನ ಈ ವ್ಯತ್ಯಾಸವನ್ನು ಮುಂದಿನ ಹಿಂದಿನ ಅಚ್ಚುಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ ಎಡೆಬಿಡದೆ ನುಂಗಿಕೊಳ್ಳಬೇಕು. ಕ್ಲಚ್ಚಿನ ಬಿಲ್ಲೆಗಳಿಂದ ಶಕ್ತಿ ಹಂಚುವ ಪೆಟ್ಟಿಗೆಯಾದರೆ ಅವು ಬೇಗ ಸವೆಯುತ್ತವೆ. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರವನ್ನೂ ವರ್ಷವನ್ನೂ ತಿಳಿಸುವ ನಾಲ್ಕು ಅಂಕಿಗಳಿರುತ್ತವೆ: ೨೩೧೯ ಎಂದರೆ ೨೦೧೯ನೆಯ ಇಸವಿಯ ೨೩ನೆಯ ವಾರ. ನಾಲ್ಕು ಟೈರುಗಳ ತಾರೀಖನ್ನೂ ಸವೆತವನ್ನೂ ಹೋಲಿಸಿದರೆ ಹಿಂದಿನ ಒಡೆಯನು ಗಾಡಿಯನ್ನು ಹೇಗೆ ನೋಡಿಕೊಂಡನೆಂಬುದು ಬಹಳಮಟ್ಟಿಗೆ ತಿಳಿಯುತ್ತದೆ.

ವಾರಂಟಿ ಎಂದರೇನು?

ಈಗ ಗಣಿತಕ್ಕೆ ಬರೋಣ. ಲೆಕ್ಕಕ್ಕಾಗಿ ನಾವೇ ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇವೆ. ಇವು ಯಾವ ಒಂದು ಗಾಡಿಯವೂ ಅಲ್ಲ. ಒಂದು ವರ್ಷದಲ್ಲಿ ಗಾಳಿಯ ಸ್ಪ್ರಿಂಗಿನ ವ್ಯವಸ್ಥೆ ಕೆಡುವ ಸಂಭವ ಐದರಲ್ಲಿ ಒಂದು, ಖರ್ಚು ಎರಡೂವರೆ ಲಕ್ಷ. ಟರ್ಬೊ ಕೆಡುವ ಸಂಭವ ಹತ್ತರಲ್ಲಿ ಒಂದು, ಖರ್ಚು ೩ ಲಕ್ಷ. ಗೇರುಪೆಟ್ಟಿಗೆಯದು ಇಪ್ಪತ್ತರಲ್ಲಿ ಒಂದು, ೬ ಲಕ್ಷ. ಎಂಜಿನಿನ ಒಳಗಿನ ಸರಪಣಿಯದು ಇಪ್ಪತ್ತರಲ್ಲಿ ಒಂದು, ೫ ಲಕ್ಷ. ವಿದ್ಯುತ್ ಉಪಕರಣಗಳದು ನಾಲ್ಕರಲ್ಲಿ ಒಂದು, ೧ ಲಕ್ಷ.

ಪ್ರತಿಯೊಂದು ಖರ್ಚನ್ನೂ ಅದರ ಸಂಭವದಿಂದ ಗುಣಿಸಿ ಕೂಡಿಸಿದರೆ ವರ್ಷದ ಸರಾಸರಿ ಖರ್ಚು ೧ ಲಕ್ಷ ೬೦ ಸಾವಿರ ರೂಪಾಯಿ. ಯಾವುದೂ ಕೆಡದಿರುವ ಸಂಭವ ಎಷ್ಟು? ೦.೮, ೦.೯, ೦.೯೫, ೦.೯೫, ೦.೭೫ ಇವುಗಳ ಗುಣಲಬ್ಧ ಸುಮಾರು ೦.೪೯. ಒಂದೊಂದು ಭಾಗವೂ ಬಹುಮಟ್ಟಿಗೆ ಗಟ್ಟಿಯಾಗಿದ್ದರೂ ಐದೂ ಒಟ್ಟಿಗೆ ಒಂದು ವರ್ಷ ಕೆಡದೆ ಉಳಿಯುವ ಸಂಭವ ಅರ್ಧಕ್ಕಿಂತ ಕಡಿಮೆ. ಇದೇ ರೀತಿ ಮೂರು ವರ್ಷ ಸಾಗುವ ಸಂಭವ ನೂರಕ್ಕೆ ೧೨ನ್ನೂ ಮುಟ್ಟದು. “ನೋಡಿದರೆ ಎಲ್ಲವೂ ಸರಿಯಾಗಿದೆ” ಎಂಬ ಮಾತಿನ ಮೇಲೆ ಎಷ್ಟು ಭಾರ ಹಾಕಬಹುದೆಂಬುದು ಇದರಿಂದ ತಿಳಿಯುತ್ತದೆ.

ಯಾಕೋಬ್ ಬರ್ನೌಲಿಯ ಗ್ರಂಥ ೧೭೧೩ರಲ್ಲಿ, ಅವನು ತೀರಿಕೊಂಡ ಎಂಟು ವರ್ಷಗಳ ಮೇಲೆ, ಅಚ್ಚಾಯಿತು. ಪ್ರಯೋಗಗಳ ಸಂಖ್ಯೆ ಹೆಚ್ಚಿದಂತೆ ದೊರೆಯುವ ಸರಾಸರಿ ನಿಜವಾದ ಸಂಭವದ ಸಮೀಪಕ್ಕೆ ಬರುತ್ತದೆಂದು ಅವನು ಅದರಲ್ಲಿ ಸಾಧಿಸಿದ್ದನು. ವಾರಂಟಿಯ ತಳಹದಿ ಇದೇ. ಸಾವಿರ ಗಾಡಿಗಳ ಹೊಣೆ ಹೊತ್ತ ಸಂಸ್ಥೆಗೆ ವರ್ಷದ ಖರ್ಚು ಗಾಡಿಯೊಂದಕ್ಕೆ ೧ ಲಕ್ಷ ೬೦ ಸಾವಿರದ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಅದು ಆ ಮೊತ್ತಕ್ಕೆ ತನ್ನ ಲಾಭ ಸೇರಿಸಿ ಬೆಲೆ ಕಟ್ಟಬಹುದು. ಒಂದೇ ಗಾಡಿಯುಳ್ಳವನಿಗೆ ಸರಾಸರಿಯೆಂಬುದು ಬರಿಯ ಕಾಗದದ ಅಂಕಿ. ಅವನಿಗೆ ಒಂದು ವರ್ಷ ಸೊನ್ನೆ, ಇನ್ನೊಂದು ವರ್ಷ ೬ ಲಕ್ಷ, ಯೋಗ ಕೆಟ್ಟರೆ ಎರಡು ಮೂರು ಭಾಗಗಳು ಕೂಡಿ ೧೦ ಲಕ್ಷ. ವಾರಂಟಿ ಇಲ್ಲದೆ ಕೊಳ್ಳುವವನು ತಿಳಿದೋ ತಿಳಿಯದೆಯೋ ತನ್ನದೇ ವಿಮಾಕಂಪೆನಿಯನ್ನು ತೆರೆದಿದ್ದಾನೆ. ಆದರೆ ಅದರಲ್ಲಿ ಒಬ್ಬನೇ ಸದಸ್ಯ.

ಕಲ್ಲು ಬೆರೆತ ಅಕ್ಕಿ

ಇನ್ನೊಂದು ಪ್ರಶ್ನೆ ಉಳಿಯಿತು. ಇಷ್ಟು ಕಡಮೆ ಬೆಲೆಗೆ ಮಾರುವವನು ಏಕೆ ಮಾರುತ್ತಿದ್ದಾನೆ? ರೇಂಜ್ ರೋವರ್ ಹೊರಬಂದ ೧೯೭೦ರಲ್ಲಿಯೇ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಈ ಪ್ರಶ್ನೆಯನ್ನು ಕುರಿತ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕೊಂಡಮೇಲೆ ಕಾಟ ಕೊಡುವ ಕಾರನ್ನು ಅಮೆರಿಕದ ಜನರು ನಿಂಬೆಹಣ್ಣೆಂದು ಕರೆಯುತ್ತಾರೆ. ಪ್ರಬಂಧದ ಹೆಸರೇ ನಿಂಬೆಹಣ್ಣುಗಳ ಮಾರುಕಟ್ಟೆ. ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದುವು, ನಾಲ್ಕನೆಯದು ಅಚ್ಚುಮಾಡಿತು. ೨೦೦೧ರಲ್ಲಿ ಅಕರ್ಲಾಫರಿಗೆ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಅವರ ವಾದವನ್ನು ನಮ್ಮ ಅಂಕಿಗಳಲ್ಲಿ ಹೀಗೆ ಹೇಳಬಹುದು. ಮಾರುಕಟ್ಟೆಯಲ್ಲಿ ನೂರು ಗಾಡಿಗಳಿವೆ. ಐವತ್ತು ಒಳ್ಳೆಯವು, ಒಂದೊಂದರ ಯೋಗ್ಯತೆ ೩೦ ಲಕ್ಷ. ಐವತ್ತು ಕೆಟ್ಟವು, ಒಂದೊಂದರದು ೧೪ ಲಕ್ಷ. ಯಾವುದು ಯಾವುದೆಂದು ಒಡೆಯರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವರು ಸರಾಸರಿಯಾದ ೨೨ ಲಕ್ಷಕ್ಕಿಂತ ಹೆಚ್ಚು ಕೊಡಲು ಒಪ್ಪರು. ಆಗ ಒಳ್ಳೆಯ ಗಾಡಿಯ ಒಡೆಯನು “ಇಷ್ಟಕ್ಕೇಕೆ ಕೊಡಲಿ?” ಎಂದು ಹಿಂದೆಗೆಯುತ್ತಾನೆ. ಉಳಿದವು ಕೆಟ್ಟವೇ. ಇದನ್ನರಿತ ಜನ ೧೪ ಲಕ್ಷಕ್ಕೆ ಇಳಿಯುತ್ತಾರೆ. ಹೀಗೆ ತಿಳಿವಳಿಕೆಯ ಏರುಪೇರೊಂದರಿಂದಲೇ ಕೆಟ್ಟ ಮಾಲು ಒಳ್ಳೆಯ ಮಾಲನ್ನು ಹೊರದೂಡುತ್ತದೆ.

ಅಕರ್ಲಾಫರು ೧೯೬೭–೬೮ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದರು. ಬೇಕೆಂದೇ ಬೆರೆಸಿದ ಕಲ್ಲನ್ನು ಅಕ್ಕಿಯಿಂದ ಆರಿಸುವ ಭಾರತದ ಗೃಹಿಣಿಯ ಮಾತು ಅವರ ಪ್ರಬಂಧದಲ್ಲಿಯೇ ಬರುತ್ತದೆ. ಮೊರದ ಮುಂದೆ ಕುಳಿತ ನಮ್ಮ ತಾಯಂದಿರು ಮಾಡುತ್ತಿದ್ದುದೂ ಗಾಡಿ ಕೊಳ್ಳುವವನು ಮಾಡಬೇಕಾದುದೂ ಒಂದೇ. ಈ ಕೇಡಿಗೆ ಅಕರ್ಲಾಫರು ಹೇಳಿದ ಪರಿಹಾರಗಳಲ್ಲಿ ವಾರಂಟಿಯೂ ಒಂದು. ತನ್ನ ಗಾಡಿ ಒಳ್ಳೆಯದೆಂದು ಬಲ್ಲವನಿಗೆ ಹೊಣೆ ಹೊರುವುದು ಹಗುರ. ಕೆಟ್ಟದೆಂದು ಬಲ್ಲವನಿಗೆ ಭಾರ. ವಾರಂಟಿ ಇಲ್ಲವೆಂದ ಮಾತ್ರಕ್ಕೆ ಗಾಡಿ ಕೆಟ್ಟದೆಂದಲ್ಲ; ಆದರೆ ಅದು ಕಿವಿಗೊಡಬೇಕಾದ ಸುದ್ದಿ.

ಗಾಡಿಯ ಹಲ್ಲು ಎಣಿಸುವುದು

ಹಾಗಾದರೆ ಒಳ್ಳೆಯದನ್ನು ಆರಿಸುವುದು ಹೇಗೆ? ಎತ್ತರದ ಅಳತೆ, ಎಣ್ಣೆಯ ರಸೀತಿ, ಟೈರಿನ ತಾರೀಖುಗಳನ್ನು ಆಗಲೇ ಹೇಳಿದೆವು. ಇನ್ನೂ ಕೆಲವುಂಟು.

ಒಂದು: ಎಂಜಿನು ಪೂರ್ತಿ ತಣ್ಣಗಿರುವಾಗ ನಾವೇ ಎದುರು ನಿಂತು ಚಾಲೂ ಮಾಡಿಸಬೇಕು. ಸಡಿಲವಾದ ಸರಪಣಿಯ ಗಲಗಲ ಸದ್ದು ಕೇಳುವುದು ಹೆಚ್ಚಾಗಿ ಮೊದಲ ಕೆಲವು ಕ್ಷಣಗಳಲ್ಲಿ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಎಂಜಿನು ಕಾದ ಮೇಲೂ ನಿಲ್ಲದ ಬಿಳಿ ಹೊಗೆ ತಂಪುನೀರು ಒಳಗೆ ಸೋರುತ್ತಿರುವ ಸೂಚನೆಯಾಗಿರಬಹುದು. ಬರುವ ಮೊದಲೇ ಎಂಜಿನನ್ನು ಬಿಸಿಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವೆವೆಂದು ಹೇಳಬೇಕು.

ಎರಡು: ಸ್ಟೀರಿಂಗಿನ ಕೆಳಭಾಗದಲ್ಲಿ ೧೬ ಸಂಪರ್ಕಗಳ ಒಂದು ಗೂಡಿದೆ. ಅದಕ್ಕೆ ಪರೀಕ್ಷಕ ಯಂತ್ರವನ್ನು ಜೋಡಿಸಿದರೆ ಗಾಡಿಯ ಗಣಕ ನೆನಪಿಟ್ಟುಕೊಂಡ ದೋಷಗಳನ್ನು ಓದಬಹುದು. ಮಾರುವವನು ಅವನ್ನು ಅಳಿಸಿರಬಹುದು. ಆದರೆ ಅಳಿಸಿದೊಡನೆ ಗಣಕದ ಸ್ವಪರೀಕ್ಷೆಗಳೂ “ಮುಗಿದಿಲ್ಲ” ಎಂಬ ಸ್ಥಿತಿಗೆ ಮರಳುತ್ತವೆ. ಕೆಲವು ಬಾರಿ ಓಡಿಸಿದ ಹೊರತು ಅವು ಮುಗಿಯುವುದಿಲ್ಲ. ಆಗತಾನೆ ಒರೆಸಿದ ಹಲಗೆ ಒರೆಸಿದ್ದನ್ನು ತಾನೇ ಹೇಳುತ್ತದೆ. ಬ್ಯಾಟರಿ ತೆಗೆದು ಹಾಕಿದರೂ ಹೀಗಾಗಬಹುದಾದುದರಿಂದ ಕಾರಣವನ್ನು ಕೇಳಿ, ಒಂದು ವಾರ ಬಿಟ್ಟು ಮತ್ತೆ ಓದಬೇಕು.

ಮೂರು: ನೀರಿನ ಗುರುತು. ೨೦೧೫ರಲ್ಲಿ ಚೆನ್ನೈಯಲ್ಲಿಯೂ ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿಯೂ ಬೆಲೆಬಾಳುವ ಕಾರುಗಳು ನೆರೆಯಲ್ಲಿ ಮುಳುಗಿದುವು. ಮೇಲೆ ತೊಳೆದು ಹೊಳಪಿಸಬಹುದು. ಆದರೆ ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಸೀಟುಬೆಲ್ಟನ್ನು ಕೊನೆಯವರೆಗೂ ಎಳೆದಾಗ ಕಾಣುವ ಕೆಸರಿನ ಗೆರೆ, ಜಮಖಾನದ ಕೆಳಗಿನ ಮುಗ್ಗಲು ವಾಸನೆ ಇವು ಸುಲಭವಾಗಿ ಹೋಗುವುವಲ್ಲ. ನೀರಿನಲ್ಲಿ ನೆನೆದ ತಂತಿಯ ಕೀಲುಗಳು ತಿಂಗಳುಗಳ ಮೇಲೆ ಹಸಿರು ತುಕ್ಕು ಹಿಡಿಯುತ್ತವೆ.

ನಾಲ್ಕು: ಆ ಜಾತಿಯ ಗಾಡಿಯನ್ನೇ ರಿಪೇರಿ ಮಾಡುವ, ಮಾರಾಟದಲ್ಲಿ ಪಾಲಿಲ್ಲದ ಮೇಸ್ತ್ರಿಯಿಂದ ಗಾಡಿಯನ್ನು ಮೇಲೆತ್ತಿಸಿ ನೋಡಿಸಬೇಕು. ಒಳ್ಳೆಯ ಗಾಡಿಯ ಒಡೆಯನಿಗೆ ಪರೀಕ್ಷೆಯಿಂದ ಲಾಭ. ಆದುದರಿಂದ ಪರೀಕ್ಷೆಗೆ ಒಪ್ಪುವುದೂ ಒಪ್ಪದಿರುವುದೂ ತಾನೇ ಒಂದು ಪರೀಕ್ಷೆ.

ಮೌನ ಮತ್ತು ಕಾನೂನು

ಭಾರತದ ೧೯೩೦ರ ಸರಕು ಮಾರಾಟ ಕಾಯಿದೆಯ ೧೬ನೆಯ ಪ್ರಕರಣದಲ್ಲಿ ಸಾಮಾನ್ಯ ನಿಯಮವೊಂದಿದೆ. ಕೆಲವು ಅಪವಾದಗಳನ್ನು ಬಿಟ್ಟರೆ ಮಾಲಿನ ಗುಣದ ಬಗ್ಗೆ ಮಾರುವವನು ಹೇಳದೆಯೇ ಹೊಣೆಯಾಗುವುದಿಲ್ಲ. ೧೮೭೨ರ ಕರಾರು ಕಾಯಿದೆಯ ೧೭ನೆಯ ಪ್ರಕರಣವಂತೂ ಕುದುರೆಯ ಉದಾಹರಣೆಯನ್ನೇ ಕೊಡುತ್ತದೆ. ಕುದುರೆಗೆ ಊನವಿದೆಯೆಂದು ತಿಳಿದೂ ಹರಾಜಿನಲ್ಲಿ ಸುಮ್ಮನೆ ಮಾರಿದರೆ ಅದು ಮೋಸವಲ್ಲ. ಆದರೆ ಕೊಳ್ಳುವವನು, “ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುವೆ” ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮ.

ಇದರಿಂದ ನಾವು ಕಲಿಯಬೇಕಾದ ಪಾಠ ಸರಳ: ಕೇಳಬೇಕು, ಬರೆವಣಿಗೆಯಲ್ಲಿ ಕೇಳಬೇಕು. ಅಪಘಾತವಾಗಿದೆಯೇ? ನೆರೆಯಲ್ಲಿ ಸಿಕ್ಕಿತ್ತೇ? ಎಂಜಿನು ಬಿಚ್ಚಿದ್ದುಂಟೇ? ಬ್ಯಾಂಕಿನ ಸಾಲ ತೀರಿದೆಯೇ? ಕಿಲೋಮೀಟರಿನ ಅಂಕಿ ನಿಜವೇ? ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವನ್ನೂ, ಕರ್ನಾಟಕದಲ್ಲಿ ಮತ್ತೆ ನೋಂದಾಯಿಸಿ ತೆರಿಗೆ ಕಟ್ಟುವ ಖರ್ಚನ್ನೂ ಮೊದಲೇ ವಿಚಾರಿಸಬೇಕು. ಬಾಯಿಮಾತು ಗಾಳಿಯ ಪಾಲು. ಬರೆದ ಉತ್ತರ ಸಾಕ್ಷಿ.

ಕೊನೆಯದಾಗಿ, ಇಷ್ಟೆಲ್ಲ ನೋಡಿದಮೇಲೂ ಅನಿಶ್ಚಯ ಪೂರ್ತಿ ಹೋಗುವುದಿಲ್ಲ. ಪರೀಕ್ಷೆ ಸಂಭವವನ್ನು ತಗ್ಗಿಸುತ್ತದೆ, ಸೊನ್ನೆ ಮಾಡುವುದಿಲ್ಲ. ಉಳಿದುದಕ್ಕೆ ಹಣವೇ ಹೊಣೆ. ಗಾಡಿಯ ಬೆಲೆಯಲ್ಲದೆ, ಅದರ ಅತಿ ದುಬಾರಿಯಾದ ಒಂದು ರಿಪೇರಿಗೆ ಬೇಕಾದಷ್ಟು ಹಣವನ್ನು ಬೇರೆಯಾಗಿ ಇಡಲು ಶಕ್ತಿಯಿದ್ದರೆ ಕೊಳ್ಳಬಹುದು. ನಮ್ಮ ಲೆಕ್ಕದಲ್ಲಿ ೨೨ ಲಕ್ಷದ ಗಾಡಿಯ ನಿಜವಾದ ಬೆಲೆ ೨೨ ಅಲ್ಲ, ೨೮. ಕೈಯಲ್ಲಿರುವ ಕೊನೆಯ ರೂಪಾಯಿಯವರೆಗೆ ಗಾಡಿಗೇ ಸುರಿಯಬೇಕಾದರೆ, ಎಷ್ಟೇ ಹೊಳೆಯಲಿ, ಕೊಳ್ಳಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚೆಂದ ಹಿರಿಯರು ಸಂಭವನೀಯತೆಯ ಗಣಿತ ಓದಿರಲಿಲ್ಲ. ಆದರೆ ಅವರ ಉತ್ತರ ಅದೇ.

ಮನೆಯಲ್ಲಿ ಇಂಥ ಮಾತು ಬಂದಾಗ ನಮ್ಮ ಕಿರಿಯ ವಾಚಕರು ಸುಮ್ಮನೆ ಕುಳಿತಿರಬೇಕಾಗಿಲ್ಲ. ಒಂದು ಅಳತೆಪಟ್ಟಿ, ಒಂದು ಪೆನ್ಸಿಲು, ಒಂದು ಹಾಳೆ ಕಾಗದ ಹಿಡಿದು ಹಿರಿಯರ ಜೊತೆಗೆ ಹೋಗಬಹುದು. ರಾತ್ರಿ ಬರೆದ ನಾಲ್ಕು ಅಂಕಿಗಳೂ ಬೆಳಗ್ಗೆ ಬರೆದ ನಾಲ್ಕು ಅಂಕಿಗಳೂ ಮಾರುವವನ ಒಂದು ಗಂಟೆಯ ಮಾತಿಗಿಂತ ಹೆಚ್ಚನ್ನು ತಿಳಿಸಬಲ್ಲುವು.